ಸರಪಳಿಯ ಕೈಗಳು

ವಾಕಡದಿಂದ ಮುಳಾ ನದಿ ದಾಟಿದರೆ ಬಾಲೇವಾಡಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಕ್ರೀಡಾಸಂಕುಲ ಅಲ್ಲಿದೆ. ಪುಣೇರಿ ಪಲ್ಟನ್ ಕಬಡ್ಡಿ ತಂಡ ತವರಿನ ಪಂದ್ಯಗಳನ್ನು ಆಡಿದ್ದು ಅಲ್ಲೇ. ಬೆಂಗಳೂರು ಬುಲ್ಸ್ ಎದುರಿಗಿದ್ದಾಗ ಯಾರ ಪರ ಕೂಗಬೇಕೆಂಬುದು ನಮ್ಮ ಕನ್ನಡ ಗೆಳೆಯರ ಹಳೇ ಜಗಳ. ನಾನು ಮಾತ್ರ ಪಲ್ಟನ್‌ನ ರಕ್ಷಣೆಯನ್ನೇ ನೋಡುತ್ತೇನೆ.

ಕಬಡ್ಡಿಯಲ್ಲಿ ಹಿಡಿಯುವುದು ಒಬ್ಬನ ಕೆಲಸವಲ್ಲ. ಅಕ್ಕಪಕ್ಕದವರು ಕೈಕೈ ಹಿಡಿದು ಸರಪಳಿ ಕಟ್ಟಿ ನಿಲ್ಲುತ್ತಾರೆ. ಮೂಲೆಯವನು ರೇಡರ್‌ನ ಕಾಲು ಹಿಡಿದರೆ ಅವನ ಓಟ ಅರೆಕ್ಷಣ ನಿಲ್ಲುತ್ತದೆ, ಅಷ್ಟೇ. ಆ ಅರೆಕ್ಷಣದಲ್ಲಿ ಪಕ್ಕದ ಕವರ್ ಆಟಗಾರ ಮೇಲೆ ಬೀಳಬೇಕು. ತಡವಾದರೆ, ರೇಡರ್ ನಡುಗೆರೆ ಮುಟ್ಟಿದ ಕೂಡಲೇ ಅವನನ್ನು ಮುಟ್ಟಿದವರೆಲ್ಲ ಔಟ್. ಒಂದು ರೇಡ್‌ಗೆ 30 ಸೆಕೆಂಡು. ಅಷ್ಟು ಹೊತ್ತು ಆತುರಪಡದೆ ಕಾಯುವುದೂ ರಕ್ಷಣೆಯೇ.

ಈ ತಂಡವನ್ನು ತಿದ್ದಿದ ಕೋಚ್ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. 2022ರ ಡಿಸೆಂಬರ್‌ನಲ್ಲಿ ಗಡಿ ಗಲಾಟೆ ಎದ್ದು ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅದೇ ತಿಂಗಳು ರಮೇಶ್ ಪುಣೆಯ ತಂಡವನ್ನು ಫೈನಲ್‌ವರೆಗೆ ಕರೆದೊಯ್ದಿದ್ದರು. ಜೈಪುರದ ಎದುರು 29–33ರಲ್ಲಿ ಸೋಲಾಯಿತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಮಣಿಸಿ ತಂಡ ಮೊದಲ ಬಾರಿ ಕಪ್ ಗೆದ್ದಿತು. ಆ ಸೀಸನ್‌ನಲ್ಲಿ ಇರಾನಿನ ಶಾದ್ಲೂ 99 ಟ್ಯಾಕಲ್ ಅಂಕ ಗಳಿಸಿದರು. ಜೊತೆಗೆ ಕವರ್‌ನಲ್ಲಿ ತಮಿಳುನಾಡಿನ ಅಬಿನೇಶ್, ನಾಯಕರಾಗಿ ಮಹಾರಾಷ್ಟ್ರದ ಅಸ್ಲಂ ಇನಾಮ್ದಾರ್.

ಇಲ್ಲಿ ಹೊರಗಿನವರು ಯಾರು ಎಂಬ ಮಾತು ಬಂದಾಗಲೆಲ್ಲ ನಾನು ಆ ಸರಪಳಿಯನ್ನು ನೆನೆಯುತ್ತೇನೆ. ಪಕ್ಕದವನ ಕೈ ಯಾವ ಊರಿನದೆಂದು ವಿಚಾರಿಸುತ್ತ ನಿಂತಿದ್ದರೆ, ರೇಡರ್ ಗೆರೆ ದಾಟಿಬಿಡುತ್ತಿದ್ದ.