ಮೂಗು ಚುಚ್ಚಿಸಿದ ಮೇಲೆ ಅರಿಶಿನ ಹಚ್ಚಬೇಕೆ? ಮೂಗುಬಟ್ಟು ತಿರುಗಿಸುತ್ತಿರಬೇಕೆ?

ಮೂಗು ಚುಚ್ಚಿಸಿಕೊಂಡವರಿಗೆ ಸಲಹೆಗಳ ಕೊರತೆ ಇರುವುದಿಲ್ಲ. "ದಿನಾ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ", "ಮೂಗುಬಟ್ಟು ತಿರುಗಿಸುತ್ತಿರಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ", "ಕೀವು ಬಂದರೆ ಹಿಂಡಿ ತೆಗೆದು ಮೂಗುಬಟ್ಟು ಬಿಚ್ಚಿಡಿ". ಈ ಮಾತುಗಳು ಮನೆಯ ಹಿರಿಯರಿಂದಲೂ ಬರುತ್ತವೆ, ವಾಟ್ಸಾಪ್ ಗುಂಪುಗಳಿಂದಲೂ ಬರುತ್ತವೆ. ಇವುಗಳಲ್ಲಿ ಮೊದಲ ಎರಡು ಗಾಯ ಮಾಗುವುದನ್ನು ತಡ ಮಾಡುತ್ತವೆ. ಮೂರನೆಯದು ಅಪಾಯಕ್ಕೇ ದಾರಿಯಾಗಬಹುದು.

ಹೊಸದಾಗಿ ಚುಚ್ಚಿದ ಮೂಗು ಒಂದು ಗಾಯ. ಅದರೊಳಗೆ ಲೋಹದ ಒಂದು ಕಡ್ಡಿ ಸದಾ ಇರುತ್ತದೆ, ಅಷ್ಟೇ ವ್ಯತ್ಯಾಸ. ಇಷ್ಟು ನೆನಪಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಸುಲಭವಾಗಿ ತಿಳಿಯುತ್ತದೆ.

ಮಾಗಲು ಎಷ್ಟು ದಿನ ಬೇಕು?

ಕಿವಿಯ ಹಾಲೆ ಮೆತ್ತನೆಯ ಮಾಂಸದ್ದು, ಬೇಗ ಮಾಗುತ್ತದೆ. ಮೂಗಿನ ಹೊಳ್ಳೆಯಲ್ಲಿ ಕಾರ್ಟಿಲೇಜ್ ಎಂಬ ಮೆತು ಮೂಳೆ ಇರುತ್ತದೆ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಸುತ್ತಲಿನ ಪೊರೆಯಿಂದ ಪೋಷಣೆ ಸಿಗಬೇಕು. ಹಾಗಾಗಿ ಗಾಯ ನಿಧಾನವಾಗಿ ಮಾಗುತ್ತದೆ. ಕೆಲವು ವಾರಗಳಲ್ಲಿ ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಮದುವೆಗೆಂದು ಚುಚ್ಚಿಸುವವರು ಲಗ್ನದ ಹಿಂದಿನ ವಾರದವರೆಗೆ ಕಾಯಬಾರದು. ಆರು ತಿಂಗಳು ಮೊದಲೇ ಚುಚ್ಚಿಸಿದರೆ ಮದುವೆಯ ದಿನ ಭಾರದ ನತ್ತು ಹಾಕಿದರೂ ತೊಂದರೆಯಾಗುವುದು ಕಡಿಮೆ.

ಚುಚ್ಚಿಸುವ ಮೊದಲು ನೋಡಬೇಕಾದ್ದು

ಸೂಜಿ: ಒಬ್ಬರಿಗೆ ಬಳಸಿ ಎಸೆಯುವ ಸೂಜಿಯೇ ಆಗಬೇಕು, ಅದರ ಪೊಟ್ಟಣವನ್ನು ನಿಮ್ಮ ಎದುರೇ ಒಡೆಯಬೇಕು. ಒಬ್ಬರ ರಕ್ತ ತಾಗಿದ ಉಪಕರಣದಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಸ್ಪಿರಿಟ್‌ನಲ್ಲಿ ಒರೆಸುವುದು ಅಥವಾ ದೀಪದ ಉರಿಯಲ್ಲಿ ಹಿಡಿಯುವುದು ಸಾಲದು.

ಗನ್: ಕಿವಿ ಚುಚ್ಚುವ ಗನ್ ಮೂಗಿಗೆ ತಕ್ಕದ್ದಲ್ಲ. ಅದು ಮೊಂಡು ತುದಿಯನ್ನು ಒತ್ತಿ ನುಗ್ಗಿಸುವುದರಿಂದ ಕಾರ್ಟಿಲೇಜ್ ಜಜ್ಜಿಹೋಗಬಹುದು. ಪ್ಲಾಸ್ಟಿಕ್ ಭಾಗಗಳಿರುವ ಗನ್‌ಗಳನ್ನು ಬಿಸಿ ಹಬೆಯಲ್ಲಿಟ್ಟು ಪೂರ್ತಿ ಕ್ರಿಮಿಮುಕ್ತ ಮಾಡಲೂ ಆಗುವುದಿಲ್ಲ.

ಲೋಹ: ಅಗ್ಗದ ಫ್ಯಾನ್ಸಿ ಒಡವೆಗಳಲ್ಲಿ ನಿಕಲ್ ಇರುವುದು ಸಾಮಾನ್ಯ, ಹಲವರ ಚರ್ಮಕ್ಕೆ ಅದು ಅಲರ್ಜಿ. ಒಳ್ಳೆಯ ಚಿನ್ನ ಅಥವಾ ದೇಹದೊಳಗೆ ಅಳವಡಿಸುವ ದರ್ಜೆಯ ಟೈಟಾನಿಯಂ ಉತ್ತಮ. 916 ಎಂಬ ಗುರುತಿರುವ ಚಿನ್ನದಲ್ಲಿ ಶೇ. 91.6ರಷ್ಟು ಶುದ್ಧ ಚಿನ್ನವಿರುತ್ತದೆ. ಕೆಲವು ಬಿಳಿ ಚಿನ್ನದಲ್ಲಿ ನಿಕಲ್ ಬೆರೆಸಿರುತ್ತಾರೆ, ಕೇಳಿ ತಿಳಿದುಕೊಳ್ಳಿ.

ಅಳತೆ: ಮೊದಲ ದಿನಗಳಲ್ಲಿ ಮೂಗು ಊದಿಕೊಳ್ಳುತ್ತದೆ. ಮೂಗುಬಟ್ಟಿನ ಕಡ್ಡಿ ಗಿಡ್ಡವಿದ್ದರೆ ಅಥವಾ ಹಿಂದಿನ ತಿರುಪನ್ನು ಬಿಗಿಯಾಗಿ ತಿರುಗಿಸಿದ್ದರೆ ಅದು ಒಳಗಿನ ಮಾಂಸದಲ್ಲಿ ಹುದುಗಿಹೋಗಬಹುದು. ತೀರಾ ಸಡಿಲವಿದ್ದರೆ ತಿರುಪು ಕಳಚಿ ಗಂಟಲಿಗೋ ಶ್ವಾಸನಾಳಕ್ಕೋ ಇಳಿಯಬಹುದು.

ಆರೋಗ್ಯ: ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ ಅಥವಾ ಹುಟ್ಟಿನಿಂದ ಬಂದ ಹೃದಯದ ದೋಷ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಗಾಯದ ಕಲೆ ಉಬ್ಬಿ ಬೆಳೆದ ಅನುಭವವಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದೂ ನೋಡಿಕೊಳ್ಳಿ.

ದಿನನಿತ್ಯದ ಆರೈಕೆ

1. ಮೂಗು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

2. ದಿನಕ್ಕೆ ಎರಡು ಸಲ ಸಲೈನ್‌ನಿಂದ ಸ್ವಚ್ಛಗೊಳಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಶೇ. 0.9ರ ನಾರ್ಮಲ್ ಸಲೈನ್ ಒಳ್ಳೆಯದು. ಮೂಗು ಕಟ್ಟಿದಾಗ ಬಳಸುವ ಶೇ. 3ರ ಸಲೈನ್ ಬೇಡ. ನಾರ್ಮಲ್ ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೋಟ (250 ಮಿ.ಲೀ.) ನೀರಿಗೆ ಕಾಲು ಟೀ ಚಮಚ ಉಪ್ಪು ಬೆರೆಸಿ, ಅಂದಂದೇ ಬಳಸಿ. ಉಪ್ಪು ಹೆಚ್ಚಾದರೆ ಗಾಯ ಉರಿಯುತ್ತದೆ.

3. ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಅದ್ದಿ ಒಳಗೂ ಹೊರಗೂ ಮೃದುವಾಗಿ ಒತ್ತಿ. ಹಕ್ಕಳೆ ನೆನೆದು ತಾನಾಗಿ ಬಿಡಬೇಕು, ಉಗುರಿನಿಂದ ಕೀಳಬಾರದು. ಹತ್ತಿಯ ಎಳೆಗಳು ಸಿಕ್ಕಿಕೊಳ್ಳುವುದರಿಂದ ಹತ್ತಿ ಬೇಡ.

4. ಟವೆಲ್‌ನಿಂದ ಮುಖ ಒರೆಸುವಾಗ, ಬಟ್ಟೆ ತಲೆಯ ಮೇಲಿಂದ ತೆಗೆಯುವಾಗ ಎಚ್ಚರ. ತಲೆದಿಂಬಿನ ಕವರ್ ಆಗಾಗ ಬದಲಿಸಿ.

5. ಗಾಯ ಮಾಗುವವರೆಗೆ ಕೆರೆ, ಹೊಳೆ, ಈಜುಕೊಳದಲ್ಲಿ ಮುಳುಗಬೇಡಿ. ಕ್ರೀಮ್, ಪೌಡರ್ ಆ ಜಾಗಕ್ಕೆ ತಾಗದಿರಲಿ.

ನಂಬಿಕೆ ಮತ್ತು ವಾಸ್ತವ

ಅರಿಶಿನ ಹಚ್ಚಿದರೆ ಸೋಂಕು ಬರುವುದಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದಿರುವುದು ನಿಜ. ಆದರೆ ಅಡುಗೆಮನೆಯ ಅರಿಶಿನದ ಪುಡಿ ಕ್ರಿಮಿಮುಕ್ತವಲ್ಲ. ಅದರ ಕಣಗಳು ತೂತಿನಲ್ಲಿ ಸೇರಿಕೊಳ್ಳುತ್ತವೆ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು, ಗಾಯದ ನೀರು ಹೊರಬರದಂತೆ ಮಾಡುತ್ತದೆ. ಸುಣ್ಣ, ಟೂತ್‌ಪೇಸ್ಟ್, ಬೂದಿ ಇನ್ನೂ ಕೆಟ್ಟದ್ದು.

ಮೂಗುಬಟ್ಟು ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆ. ಗಾಯದ ಒಳಗೋಡೆಯಲ್ಲಿ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಪ್ರತಿ ಸಲ ತಿರುಗಿಸಿದಾಗ ಅದು ಹರಿಯುತ್ತದೆ, ಕಡ್ಡಿಯ ಮೇಲೆ ಒಣಗಿದ ಕೊಳೆಯೂ ಒಳಗೆ ಹೋಗುತ್ತದೆ. ಅಲುಗಾಡಿಸದೆ ಬಿಡುವುದೇ ಒಳ್ಳೆಯದು.

ಸ್ಪಿರಿಟ್, ಡೆಟಾಲ್ ಹಾಕಿದರೆ ಬೇಗ ವಾಸಿ. ಇವು ಕ್ರಿಮಿಯ ಜೊತೆ ಹೊಸ ಚರ್ಮದ ಕೋಶಗಳನ್ನೂ ಕೊಲ್ಲುತ್ತವೆ. ಹೈಡ್ರೋಜನ್ ಪೆರಾಕ್ಸೈಡ್‌ನದೂ ಇದೇ ಕಥೆ.

ಎಡ ಮೂಗು ಚುಚ್ಚಿಸಿದರೆ ಹೆರಿಗೆ ಸುಲಭ. ಮೂಗಿನ ಸ್ಪರ್ಶದ ನರಗಳು ನೇರ ಮಿದುಳಿಗೆ ಹೋಗುತ್ತವೆ. ಗರ್ಭಕೋಶದ ನರಗಳು ಬೆನ್ನುಹುರಿಯ ಕೆಳಭಾಗದಿಂದ ಬರುತ್ತವೆ. ಎರಡನ್ನೂ ಜೋಡಿಸುವ ನರವಿಲ್ಲ. ಎಡವೋ ಬಲವೋ ಎಂಬುದು ಮನೆತನದ ಪದ್ಧತಿ, ಇಷ್ಟದ ಮಾತು.

ಪಕ್ಕದಲ್ಲಿ ಗಂಟು ಬಂದರೆ ಅದು ಕೀಲಾಯ್ಡ್. ಹೆಚ್ಚಿನ ಗಂಟುಗಳು ಉಜ್ಜಾಟ, ಅಲರ್ಜಿ ಅಥವಾ ಸಣ್ಣ ಸೋಂಕಿನಿಂದ ಬಂದವು, ಕಾರಣ ಹೋದರೆ ಕುಗ್ಗುತ್ತವೆ. ಕೀಲಾಯ್ಡ್ ಗಟ್ಟಿಯಾಗಿದ್ದು, ಗಾಯದ ಗಡಿ ದಾಟಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಯಾವುದೆಂದು ಚರ್ಮವೈದ್ಯರು ಹೇಳಬೇಕು. ಅವರನ್ನು ಕೇಳದೆ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಬೇಡಿ.

ಸಹಜ ಯಾವುದು, ಸೋಂಕು ಯಾವುದು?

ಮೊದಲ ಒಂದೆರಡು ವಾರ ಸ್ವಲ್ಪ ಕೆಂಪು, ಊತ, ಮುಟ್ಟಿದರೆ ನೋವು, ತೆಳುವಾದ ಬಿಳಿ ಅಥವಾ ನಸುಹಳದಿ ನೀರು, ಅದು ಒಣಗಿದ ಹಕ್ಕಳೆ ಇವೆಲ್ಲ ಸಹಜ. ಹೆಚ್ಚಾಗಿ ತುರಿಕೆ ಮತ್ತು ಗುಳ್ಳೆಗಳಿದ್ದರೆ ಲೋಹದ ಅಲರ್ಜಿ ಇರಬಹುದು.

ದಿನ ಕಳೆದಂತೆ ನೋವು ಏರುವುದು, ಮಿಡಿಯುವುದು, ಸುತ್ತಲೂ ಬಿಸಿಯಾಗುವುದು, ದಪ್ಪ ಹಳದಿ-ಹಸಿರು ಕೀವು, ದುರ್ವಾಸನೆ ಸೋಂಕಿನ ಲಕ್ಷಣ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ತೊಂದರೆ ಕೊಡದೆ ವಾಸವಿರುತ್ತದೆ. ಗಾಯ ಸಿಕ್ಕಾಗ ಅದೇ ಸೋಂಕು ತರಬಲ್ಲದು.

ಆಗ ಮೂಗುಬಟ್ಟನ್ನು ನೀವೇ ಬಿಚ್ಚಬೇಡಿ. ಹೊಸ ತೂತು ಬೇಗ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ತೆಗೆಯಬೇಕೇ, ಯಾವ ಔಷಧಿ ಬೇಕು ಎಂಬುದನ್ನು ವೈದ್ಯರು ನಿರ್ಧರಿಸಲಿ. ತಿರುಪು ಮಾಂಸದಲ್ಲಿ ಹುದುಗಿದ್ದರೂ ಎಳೆಯದೆ ಅವರಲ್ಲಿಗೇ ಹೋಗಿ.

ಕೀವು ಹಿಂಡಬಾರದು ಏಕೆ?

ಮೂಗಿನ ಮೇಲ್ತುದಿಯಿಂದ ಬಾಯಿಯ ಎರಡು ಮೂಲೆಗಳವರೆಗಿನ ತ್ರಿಕೋನದ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿರುವ ರಕ್ತದ ಮಡುವಿನೊಡನೆ ಸಂಪರ್ಕವಿದೆ. ಈ ಜಾಗದ ಸೋಂಕು ಹಿಂದಕ್ಕೆ ಹರಡಿ ಅಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ಇದು ಬಲು ಅಪರೂಪ, ಆದರೆ ಜೀವಕ್ಕೆ ಅಪಾಯ. ಜ್ವರ, ಚಳಿ, ಕೆನ್ನೆಗೆ ಹಬ್ಬುವ ಕೆಂಪು, ಕಣ್ಣಿನ ರೆಪ್ಪೆ ಊದುವುದು, ತೀವ್ರ ತಲೆನೋವು, ದೃಷ್ಟಿ ಎರಡಾಗಿ ಕಾಣುವುದು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಒಟ್ಟಿನಲ್ಲಿ: ಹೊಸ ಸೂಜಿ, ಒಳ್ಳೆಯ ಲೋಹ, ದಿನಕ್ಕೆರಡು ಸಲ ಸಲೈನ್, ಉಳಿದ ಹೊತ್ತು ಮುಟ್ಟದಿರುವುದು. ಅರಿಶಿನ, ಎಣ್ಣೆ, ತಿರುಗಿಸುವುದು, ಹಿಂಡುವುದು ಬೇಡ. ಮನೆಯಲ್ಲಿ ಯಾರಾದರೂ ಮೂಗು ಚುಚ್ಚಿಸುವ ಯೋಚನೆಯಲ್ಲಿದ್ದರೆ ಅವರಿಗೆ ಇದನ್ನು ಮೊದಲೇ ಕಳುಹಿಸಿ.