ಆವರಿಸುವ ರಂಗ: ಪ್ರದರ್ಶನಗಳಲ್ಲಿ ಬೆಳಕು ಮತ್ತು ವಿಡಿಯೊ

ಸಂಗೀತ, ನಾಟಕ, ಉತ್ಸವ, ಸಭೆ-ಸಮಾರಂಭಗಳಲ್ಲಿ ಬೆಳಕು ಮತ್ತು ಚಲಿಸುವ ಚಿತ್ರಗಳಿಂದಲೇ ಒಂದು ಜಾಗವನ್ನು ಕಟ್ಟಿ, ಪ್ರೇಕ್ಷಕರಿಗೆ ತಾವು ದೃಶ್ಯದ ಎದುರಿಗಿಲ್ಲ, ಒಳಗೇ ಇದ್ದೇವೆ ಎನಿಸುವಂತೆ ಮಾಡುವ ಕಲೆ. ಇಮ್ಮರ್ಸಿವ್ ಎಂಬ ಇಂಗ್ಲಿಷ್ ಹೆಸರು ಇದಕ್ಕೆ ಈಚೆಗೆ ಬಂದದ್ದು, ಕಲೆ ಹಳೆಯದು. ಪ್ರೊಜೆಕ್ಟರ್, ಎಲ್‌ಇಡಿ ವಾಲ್, ತಿರುಗುವ ದೀಪ, ಲೇಸರ್, ಹೊಗೆಯಂತ್ರ ಇದರ ಸಲಕರಣೆಗಳು. ಇವೆಲ್ಲಕ್ಕೂ ಮೊದಲು ಬೇಕಾದದ್ದು ಕತ್ತಲೆ. ಪರದೆಯ ಅಂಚು ಕಾಣುತ್ತಿರುವವರೆಗೆ ಅದು ಚಿತ್ರ. ಅಂಚು ಮರೆಯಾದ ಕ್ಷಣದಿಂದ ಅದು ಜಾಗ.

ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದವನು ಎಟಿಯೆನ್-ಗ್ಯಾಸ್ಪಾರ್ ರಾಬರ್ಟ್‌ಸನ್. 1799ರಲ್ಲಿ ಆತ ಪ್ಯಾರಿಸ್ಸಿನ ಹಳೆಯ ಕಪುಚಿನ್ ಮಠವೊಂದರಲ್ಲಿ ಫ್ಯಾಂಟಸ್ಮಗೋರಿಯ ಎಂಬ ಭೂತದರ್ಶನದ ಆಟ ನಡೆಸಿದ. ಗಾಜಿನ ಮೇಲೆ ಬರೆದ ಆಕೃತಿಯನ್ನು ಬಿಟ್ಟು ಉಳಿದ ಭಾಗಕ್ಕೆಲ್ಲ ಕಪ್ಪು ಬಳಿದು, ಆ ಗಾಜನ್ನು ಚಕ್ರಗಳಿದ್ದ ಲಾಂದ್ರಕ್ಕೆ ತೂರಿಸಿ, ಪರದೆಯ ಹಿಂದಿನಿಂದ ಹಿಂದೆ ಮುಂದೆ ತಳ್ಳುತ್ತಿದ್ದ. ಚೌಕಟ್ಟೇ ಇಲ್ಲದ ಭೂತ ಕತ್ತಲಲ್ಲಿ ಬೆಳೆಯುತ್ತಾ ಜನರ ಮೇಲೆ ಎರಗಿದಂತೆ ಕಾಣುತ್ತಿತ್ತು. ಕರ್ನಾಟಕದ ತೊಗಲುಗೊಂಬೆಯಾಟವೂ ಇದೇ ನೆಲೆಯದು. ಬೆಳಕು ಹಾಯುವಷ್ಟು ಹದ ಮಾಡಿದ ಚರ್ಮ, ಅದಕ್ಕೆ ಬಣ್ಣ, ಮುಂದೆ ಬಿಳಿ ಪರದೆ, ಹಿಂದೆ ದೀಪ, ಸುತ್ತ ಊರಿನ ರಾತ್ರಿ. ರಾವಣನ ಹತ್ತು ತಲೆಗಳು ಕೆಂಪಾಗಿ ಹೊಳೆಯುವುದು ಆ ರಾತ್ರಿಯ ಬಲದಿಂದ.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ದೀಪದ ಜೊತೆಗೆ ಸಿನಿಮಾವೂ ರಂಗಕ್ಕೆ ಬಂತು. 1952ರಲ್ಲಿ ಫ್ರಾನ್ಸಿನ ಶಾಂಬೋರ್ ಕೋಟೆಯಲ್ಲಿ ಆರಂಭವಾದ ಧ್ವನಿ-ಬೆಳಕಿನ ಪ್ರದರ್ಶನ ಹಲವು ದೇಶಗಳಿಗೆ ಮಾದರಿಯಾಯಿತು. ದೆಹಲಿಯ ಕೆಂಪುಕೋಟೆಗೆ ಅದು ಬಂದದ್ದು 1965ರಲ್ಲಿ. 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಚೆಕ್ ರಂಗವಿನ್ಯಾಸಕ ಯೋಸೆಫ್ ಸ್ವೊಬೊಡ ಮತ್ತು ನಿರ್ದೇಶಕ ಆಲ್ಫ್ರೆಡ್ ರಾಡೊಕ್ ‘ಲಾಟೆರ್ನ ಮಾಗಿಕ’ದ ಮೂಲಕ ಜೀವಂತ ನಟರನ್ನೂ ಚಲನಚಿತ್ರವನ್ನೂ ಒಂದೇ ದೃಶ್ಯದಲ್ಲಿ ಬೆಸೆದರು. ಮರುವರ್ಷ ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕ ಬಂತು. ಗಣಿಯೊಳಗೆ ಸಿಲುಕಿದ ಕಾರ್ಮಿಕರ ಸುತ್ತ ನೀರು ಏರುವ ದೃಶ್ಯವನ್ನು ಬೆಳಕು ವಿನ್ಯಾಸಕ ತಾಪಸ್ ಸೇನ್ ದೀಪಗಳಿಂದಲೇ ತೋರಿಸಿದರು. ರಂಗದ ಮೇಲೆ ನೀರಿರಲಿಲ್ಲ. ಈ ವಿಷಯದಲ್ಲಿ ಭಾರತದ ಅತ್ಯುತ್ತಮ ಉದಾಹರಣೆ ಇಂದಿಗೂ ಅದೇ ಎನ್ನಬಹುದು. ಎಲ್‌ಇಡಿಯಾಗಲಿ ಲೇಸರ್ ಆಗಲಿ ಅವರ ಕೈಯಲ್ಲಿ ಇರಲಿಲ್ಲ.

ಇಂದಿನ ರೂಪ ಬಂದದ್ದು ರಾಕ್ ಸಂಗೀತದ ದೊಡ್ಡ ಪ್ರವಾಸಗಳಿಂದ. 1981ರಲ್ಲಿ ಜೆನೆಸಿಸ್ ತಂಡ ವೇರಿ-ಲೈಟ್ ಎಂಬ ದೀಪಗಳನ್ನು ಬಳಸಿತು. ದೂರದಿಂದಲೇ ತಿರುಗಿಸಿ ಬಣ್ಣ ಬದಲಿಸಬಹುದಾದ ದೀಪಗಳವು. 1986ರಲ್ಲಿ ಡಿಎಂಎಕ್ಸ್ 512 ಎಂಬ ಸಾಮಾನ್ಯ ಭಾಷೆ ಸಿದ್ಧವಾಗಿ, ಬೇರೆ ಬೇರೆ ಕಂಪನಿಗಳ ದೀಪಗಳನ್ನು ಒಂದೇ ಕನ್ಸೋಲ್‌ನಿಂದ ನಡೆಸುವುದು ಸಾಧ್ಯವಾಯಿತು. ಒಂದು ಕೇಬಲ್‌ನಲ್ಲಿ 512 ಚಾನೆಲ್‌ಗಳು, ಪ್ರತಿಯೊಂದಕ್ಕೂ 0ಯಿಂದ 255ರವರೆಗಿನ ಬೆಲೆ. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ತಯಾರಾದಾಗ ಕೆಂಪು, ಹಸಿರು, ನೀಲಿ ಮೂರೂ ಸೇರಿ ಪೂರ್ಣ ಬಣ್ಣದ ಪರದೆ ಕೈಗೆ ಬಂತು. 1997ರ ‘ಪಾಪ್‌ಮಾರ್ಟ್’ ಪ್ರವಾಸದಲ್ಲಿ ಯು2 ತಂಡ ಸುಮಾರು 50 ಮೀಟರ್ ಅಗಲದ ಎಲ್‌ಇಡಿ ಪರದೆಯನ್ನು ಊರಿಂದೂರಿಗೆ ಹೊತ್ತೊಯ್ದಿತು. ಹತ್ತಿರ ಹೋದರೆ ಬರೀ ಚುಕ್ಕೆಗಳು, ದೂರ ನಿಂತರೆ ಚಿತ್ರ.

ಚುಕ್ಕೆ ಚಿತ್ರವಾಗುವ ಆ ದೂರವೇ ಎಲ್‌ಇಡಿ ವಾಲ್‌ನ ಮೊದಲ ಲೆಕ್ಕ. ಎರಡು ಚುಕ್ಕೆಗಳ ನಡುವಿನ ಅಂತರಕ್ಕೆ ಪಿಚ್ ಎನ್ನುತ್ತಾರೆ. ಪಿಚ್ ಎಷ್ಟು ಮಿಲಿಮೀಟರ್ ಇದೆಯೋ ಕನಿಷ್ಠ ಅಷ್ಟು ಮೀಟರ್ ದೂರದಲ್ಲಿ ಮೊದಲ ಸಾಲು ಇರಬೇಕೆಂಬುದು ಕೆಲಸಗಾರರ ಕೈಲೆಕ್ಕ. ಪ್ರೊಜೆಕ್ಟರ್‌ನ ಲೆಕ್ಕ ಬೇರೆ. 20 ಸಾವಿರ ಲ್ಯೂಮೆನ್‌ನ ಯಂತ್ರ 20 ಮೀಟರ್ ಅಗಲ, 10 ಮೀಟರ್ ಎತ್ತರದ ಗೋಡೆಯನ್ನು ತುಂಬಿದರೆ ಪ್ರತಿ ಚದರ ಮೀಟರಿಗೆ ಸಿಗುವುದು ಹೆಚ್ಚೆಂದರೆ 100 ಲ್ಯೂಮೆನ್, ಅಂದರೆ 100 ಲಕ್ಸ್. ಹಾಡುಗಾರರ ಮುಖಕ್ಕೆ ಬಿಡುವ ಬೆಳಕು ಇದರ ಹಲವು ಪಟ್ಟು ಇರುತ್ತದೆ. ಅದು ಒಂದಿಷ್ಟು ಗೋಡೆಗೆ ಚೆಲ್ಲಿದರೂ ಚಿತ್ರ ಮಾಸಿಹೋಗುತ್ತದೆ. ಎಲ್‌ಇಡಿಯಲ್ಲಿ ತೊಂದರೆ ತಿರುಗುಮುರುಗು: ಪರದೆಯೇ ಅತಿಯಾಗಿ ಬೆಳಗಿ, ಅದರ ಮುಂದೆ ನಿಂತ ಕಲಾವಿದೆ ಕಪ್ಪು ನೆರಳಾಗುತ್ತಾಳೆ. ಆದ್ದರಿಂದ ದೀಪದವರೂ ವಿಡಿಯೊದವರೂ ಬೇರೆ ಬೇರೆ ಮೇಜಿನಲ್ಲಿ ಕೂತರೂ ಒಂದೇ ಚಿತ್ರವನ್ನು ಯೋಚಿಸಬೇಕು. ಪರದೆಯಲ್ಲಿ ಸೂರ್ಯ ಎಡಗಡೆ ಮುಳುಗುತ್ತಿದ್ದರೆ ಹಾಡುಗಾರ್ತಿಯ ಎಡಗೆನ್ನೆಯ ಮೇಲೂ ಅದೇ ಕಿತ್ತಳೆ ಬೆಳಕು ಬೀಳಬೇಕು. ಬಲಗೆನ್ನೆಯ ಮೇಲೆ ಬಿಳಿ ಸ್ಪಾಟ್ ಬಿದ್ದರೆ ಸೂರ್ಯ ಮತ್ತೆ ಬರೀ ಪರದೆಯ ಚಿತ್ರವಾಗುತ್ತಾನೆ.

ಹಲವು ಪ್ರೊಜೆಕ್ಟರ್‌ಗಳಿಂದ ಒಂದೇ ಚಿತ್ರ ಮಾಡುವಾಗ ಅಕ್ಕಪಕ್ಕದ ಚಿತ್ರಗಳ ಅಂಚನ್ನು ಒಂದರ ಮೇಲೊಂದು ಹಾಯಿಸಿ, ಹಾಯ್ದ ಭಾಗದಲ್ಲಿ ಎರಡನ್ನೂ ನಿಧಾನವಾಗಿ ಮಸುಕು ಮಾಡುತ್ತಾರೆ, ಬೆಸುಗೆ ಕಾಣುವುದಿಲ್ಲ. ಕಟ್ಟಡದ ಕಂಬ, ಕಿಟಕಿ, ಕಮಾನುಗಳಿಗೆ ಚಿತ್ರವನ್ನು ಹೊಂದಿಸುವುದು ಪ್ರೊಜೆಕ್ಷನ್ ಮ್ಯಾಪಿಂಗ್. ಕ್ಯಾಮೆರಾದ ನೇರ ಚಿತ್ರವನ್ನು ಪರದೆಗೆ ಕೊಡುವಾಗ ಎರಡು-ಮೂರು ಫ್ರೇಮ್ ತಡವಾಗುವುದು ಸಾಮಾನ್ಯ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅಷ್ಟರಲ್ಲಿ ಶಬ್ದ ಸುಮಾರು 34 ಮೀಟರ್ ಸಾಗುತ್ತದೆ. ಹಿಂದಿನ ಸಾಲಿನವರಿಗೆ ತುಟಿಯೂ ದನಿಯೂ ಹೊಂದಿಕೊಂಡಂತೆ ಕಂಡರೆ ಮುಂದಿನವರಿಗೆ ತಪ್ಪಿದಂತೆ ಕಾಣುವುದು ಇದರಿಂದಲೇ.

ಈ ಕಲೆಯ ಈವರೆಗಿನ ಅತಿ ದೊಡ್ಡ ಪ್ರಯತ್ನ ಲಾಸ್ ವೇಗಸ್‌ನ ಸ್ಫಿಯರ್. 112 ಮೀಟರ್ ಎತ್ತರದ ಈ ಗೋಲಾಕಾರದ ಸಭಾಂಗಣ 2023ರ ಸೆಪ್ಟೆಂಬರ್ 29ರಂದು ಯು2 ಕಾರ್ಯಕ್ರಮದೊಂದಿಗೆ ತೆರೆಯಿತು. ಒಳಗೆ ಸುಮಾರು 1,60,000 ಚದರ ಅಡಿಯ ಎಲ್‌ಇಡಿ ಪರದೆ ಪ್ರೇಕ್ಷಕರ ತಲೆಯ ಮೇಲೂ ಪಕ್ಕಕ್ಕೂ ಬಾಗಿ ಬರುತ್ತದೆ. ಯು2 ಕಾರ್ಯಕ್ರಮಕ್ಕೆ ಜನ ಬಂದು ಕೂರುವಾಗ ಅವರಿಗೆ ಕಂಡದ್ದು ಮಂಕು ಕಾಂಕ್ರೀಟ್ ಗೋಡೆ. ಮೊದಲ ಹಾಡಿಗೆ ಆ ಗೋಡೆ ಬಿರಿದು ಬೆಳಕು ನುಗ್ಗಿದಾಗಲೇ ಅದು ಪರದೆಯೆಂದು ಗೊತ್ತಾದದ್ದು. ಮತ್ತೊಂದು ಹಾಡಿನಲ್ಲಿ ಗೋಡೆಯೇ ಇಲ್ಲದಂತೆ ಹೊರಗಿನ ನಗರ ಕಂಡಿತು. ನೋಡನೋಡುತ್ತ ಕಟ್ಟಡಗಳು ಒಂದೊಂದಾಗಿ ಕಳಚಿ ಮರುಭೂಮಿ ಮಾತ್ರ ಉಳಿಯಿತು. ಎರಡರಲ್ಲೂ ಬೆರಗು ಹುಟ್ಟಿದ್ದು ಸದ್ದುಗದ್ದಲದಿಂದಲ್ಲ, ಪರದೆಯನ್ನು ಮೊದಲು ಸುಮ್ಮನಿರಿಸಿದ್ದರಿಂದ. ಈ ಜಾಗಕ್ಕೊಂದು ಕೊರತೆಯೂ ಇದೆ. ಅಷ್ಟೆತ್ತರದ ಚಿತ್ರದ ಬುಡದಲ್ಲಿ ನಾಲ್ಕು ಮಂದಿ ಕಲಾವಿದರು ಇರುವೆಗಳಷ್ಟಾಗುತ್ತಾರೆ, ಕಣ್ಣು ಮತ್ತೆ ಮತ್ತೆ ಮೇಲಕ್ಕೇ ಹೋಗುತ್ತದೆ.

ಕರ್ನಾಟಕದಲ್ಲಿ ಮೈಸೂರು ಅರಮನೆಯ ದೀಪಾಲಂಕಾರ ಎಲ್ಲರೂ ಕಂಡದ್ದು. ಮುಸ್ಸಂಜೆ ಕಳೆದು ಅರಮನೆ ಕತ್ತಲಲ್ಲಿ ಕರಗಿರುವಾಗ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡು, ಅಂಗಳದಲ್ಲಿ ಕಾದವರ ಬಾಯಿಂದ ‘ಆಹಾ’ ಹೊರಡುತ್ತದೆ. ಈಗ ಮದುವೆ ಮಂಟಪಗಳಲ್ಲೂ ಊರಹಬ್ಬಗಳಲ್ಲೂ ಎಲ್‌ಇಡಿ ವಾಲ್ ಸಾಮಾನ್ಯ. ಮೊನೆಯಾದ ಕಿರಣ ಬಿಡುವ ಯಾವ ದೀಪಕ್ಕಾದರೂ ನಮ್ಮಲ್ಲಿ ‘ಶಾರ್ಪಿ’ ಎಂದೇ ಹೆಸರು, ಮೂಲತಃ ಅದು ಇಟಲಿಯ ಒಂದು ಕಂಪನಿಯ ದೀಪದ ಹೆಸರು. ಆದರೆ ಸಭಾಂಗಣದ ಟ್ಯೂಬ್‌ಲೈಟ್‌ಗಳೆಲ್ಲ ಉರಿಯುತ್ತಿರುವಾಗ ಪರದೆಯನ್ನು ಪೂರ್ತಿ ಪ್ರಖರತೆಯಲ್ಲಿಟ್ಟರೆ ಅದು ದೊಡ್ಡ ಟಿವಿ ಆಗುತ್ತದೆಯೇ ಹೊರತು ಜಾಗ ಆಗುವುದಿಲ್ಲ.

ಈ ಕಲೆಯಲ್ಲಿ ನಿಜವಾದ ಅಪಾಯಗಳೂ ಇವೆ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನ ರಾಜ್ಯ ಜಾತ್ರೆಯಲ್ಲಿ ಗಾಳಿಗೆ ವೇದಿಕೆಯ ಚಾವಣಿ ಕುಸಿದು ಏಳು ಜನ ಸತ್ತರು. 2022ರ ಜುಲೈನಲ್ಲಿ ಹಾಂಗ್‌ಕಾಂಗ್‌ನಲ್ಲಿ ತೂಗುಹಾಕಿದ್ದ ವಿಡಿಯೊ ಪರದೆ ಕಾರ್ಯಕ್ರಮದ ನಡುವೆಯೇ ನರ್ತಕರ ಮೇಲೆ ಬಿತ್ತು. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯ ಪೊಕೆಮಾನ್ ಕಂತೊಂದರಲ್ಲಿ ಕೆಂಪು-ನೀಲಿ ಮಿಣುಕು ಕಂಡು ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಬೆಳಕಿನಿಂದ ಅಪಸ್ಮಾರ ಬರುವವರಿಗೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚಿನ ಮಿಣುಕು ಅಪಾಯಕಾರಿ. ಮಿಣುಕು ದೀಪ ಬಳಸುವುದಿದ್ದರೆ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಬೇಕು. ಕತ್ತಲೆ ಕೆಡುತ್ತದೆಂದು ಹೊರದಾರಿಯ ಹಸಿರು ಫಲಕಕ್ಕೆ ಬಟ್ಟೆ ಮುಚ್ಚುವ ಅಭ್ಯಾಸ ಕೆಲವೆಡೆ ಇದೆ. ಆಯೋಜಕರು ದಯವಿಟ್ಟು ಅದನ್ನು ಬಿಡಬೇಕು. ಆ ಒಂದು ದೀಪ ಪ್ರದರ್ಶನದ ಉದ್ದಕ್ಕೂ ಉರಿಯುತ್ತಲೇ ಇರಲಿ.