ಕೆ. ಎಸ್. ಅಶ್ವಥ್

ಕೆ. ಎಸ್. ಅಶ್ವಥ್ (25 ಮಾರ್ಚ್ 1925 – 18 ಜನವರಿ 2010) ಕನ್ನಡ ಚಿತ್ರರಂಗದ ಪ್ರಮುಖ ಪೋಷಕ ನಟರಲ್ಲಿ ಒಬ್ಬರು. ಇವರ ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವಥನಾರಾಯಣ. 1955ರಲ್ಲಿ ನಾಯಕನಟರಾಗಿ ಚಿತ್ರರಂಗವನ್ನು ಪ್ರವೇಶಿಸಿದ ಇವರು ಮುಂದೆ ತಂದೆ, ಗುರು, ಮನೆಯ ಹಿರಿಯ ಮುಂತಾದ ಪಾತ್ರಗಳಲ್ಲಿ ನೆಲೆ ಕಂಡುಕೊಂಡರು. ಸುಮಾರು ಐದು ದಶಕಗಳ ಅವಧಿಯಲ್ಲಿ 370ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರ ಪಾತ್ರ ಇವರಿಗೆ ಶಾಶ್ವತ ಹೆಸರನ್ನು ತಂದುಕೊಟ್ಟಿತು. ಸುಗಮ ಸಂಗೀತದ ಗಾಯಕ ಹಾಗೂ ಸಂಯೋಜಕ ಸಿ. ಅಶ್ವಥ್ (1939–2009) ಬೇರೆ ವ್ಯಕ್ತಿ.

ಆರಂಭಿಕ ಜೀವನ

ಅಶ್ವಥ್ ಅವರು ಮೈಸೂರಿನಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡಿದ್ದರು. ಬಳಿಕ ಆಹಾರ ಇಲಾಖೆಯಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ಅದೇ ಕಾಲದಲ್ಲಿ ಹವ್ಯಾಸಿ ರಂಗಭೂಮಿ ಮತ್ತು ರೇಡಿಯೊ ನಾಟಕಗಳ ಮೂಲಕ ಅಭಿನಯದ ಅಭ್ಯಾಸ ಬೆಳೆಯಿತು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದ್ದ ಮೈಸೂರಿನಲ್ಲಿ ರೇಡಿಯೊ ನಾಟಕಕ್ಕೆ ಒಳ್ಳೆಯ ಪರಂಪರೆಯಿತ್ತು. ಮುಖ ಕಾಣದ ಆ ಮಾಧ್ಯಮದಲ್ಲಿ ಭಾವವೆಲ್ಲವೂ ಧ್ವನಿಯ ಮೂಲಕವೇ ವ್ಯಕ್ತವಾಗಬೇಕು. ಸ್ಪಷ್ಟ ಉಚ್ಚಾರಣೆ ಮತ್ತು ಸಂಯಮದ ಮಾತುಗಾರಿಕೆ ಮುಂದೆ ಅಶ್ವಥ್ ಅವರ ಅಭಿನಯದ ಮುಖ್ಯ ಗುಣಗಳಾದವು.

ಚಿತ್ರರಂಗ ಪ್ರವೇಶ

1955ರಲ್ಲಿ ತೆರೆಕಂಡ ‘ಸ್ತ್ರೀರತ್ನ’ ಚಿತ್ರದಲ್ಲಿ ಅಶ್ವಥ್ ನಾಯಕರಾಗಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರ್ ನಾಯಕನಟರಾಗಿದ್ದರು. ಹೀಗೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಾಯಕರಾಗಿ ಬಂದ ಇಬ್ಬರ ದಾರಿಗಳು ಬೇಗನೆ ಕವಲೊಡೆದವು. ರಾಜಕುಮಾರ್ ದಶಕಗಳ ಕಾಲ ನಾಯಕರಾಗಿಯೇ ಮುಂದುವರಿದರೆ, ಅಶ್ವಥ್ ಪೋಷಕ ಪಾತ್ರಗಳತ್ತ ಹೊರಳಿ, ಸರ್ಕಾರಿ ಕೆಲಸವನ್ನು ಬಿಟ್ಟು ಅಭಿನಯವನ್ನೇ ವೃತ್ತಿಯಾಗಿಸಿಕೊಂಡರು.

ಪೋಷಕ ಪಾತ್ರಗಳು

ಪೌರಾಣಿಕ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದ ಆರಂಭದ ವರ್ಷಗಳಲ್ಲಿ ಅಶ್ವಥ್ ನಾರದನಂತಹ ಪಾತ್ರಗಳಲ್ಲಿ ಕಾಣಿಸಿಕೊಂಡರು. 1960ರ ದಶಕದ ಕೊನೆಯ ವೇಳೆಗೆ ಸಾಮಾಜಿಕ ಹಾಗೂ ಕಾದಂಬರಿ ಆಧಾರಿತ ಚಿತ್ರಗಳು ಹೆಚ್ಚಾದಂತೆ ಮಧ್ಯಮವರ್ಗದ ತಂದೆಯ ಪಾತ್ರಗಳು ಇವರನ್ನು ಹುಡುಕಿಕೊಂಡು ಬಂದವು. ದೊರೆ–ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ (1971) ಮತ್ತು ‘ಎರಡು ಕನಸು’ (1974) ಈ ಅವಧಿಯ ಗಮನಾರ್ಹ ಚಿತ್ರಗಳು. ‘ಎರಡು ಕನಸು’ ಚಿತ್ರದಲ್ಲಿ ಅಶ್ವಥ್ ಮತ್ತು ಪಂಡರಿಬಾಯಿ ನಾಯಕನ ತಂದೆತಾಯಿಯಾಗಿದ್ದಾರೆ. ಮಗನ ಪಾತ್ರ ವಹಿಸಿದ ರಾಜಕುಮಾರ್ 1929ರ ಏಪ್ರಿಲ್‌ನಲ್ಲಿ ಜನಿಸಿದವರು. ಅಂದರೆ ತೆರೆಯ ಮೇಲಿನ ತಂದೆ ಮಗನಿಗಿಂತ ನಿಜಜೀವನದಲ್ಲಿ ಕೇವಲ ನಾಲ್ಕು ವರ್ಷ ದೊಡ್ಡವರು. ಪೋಷಕ ನಟನ ವೃತ್ತಿಯ ಸ್ವರೂಪ ಇದರಿಂದ ತಿಳಿಯುತ್ತದೆ: ನಾಯಕನ ವಯಸ್ಸು ತೆರೆಯ ಮೇಲೆ ನಿಂತಲ್ಲೇ ನಿಲ್ಲಬಹುದು, ಆದರೆ ಪೋಷಕ ನಟ ತನ್ನ ವಯಸ್ಸಿಗೆ ಮೊದಲೇ ಮುದುಕನಾಗಬೇಕು.

ಇಂತಹ ಕಲಾವಿದರ ಮಹತ್ತ್ವವನ್ನು ಇತರ ಚಿತ್ರರಂಗಗಳೂ ಗುರುತಿಸಿವೆ. ಹಾಲಿವುಡ್‌ನ ಅಕಾಡೆಮಿ 1936ರ ಚಿತ್ರಗಳಿಂದ ಪೋಷಕ ನಟರಿಗೆ ಪ್ರತ್ಯೇಕ ಪ್ರಶಸ್ತಿಯನ್ನು ಆರಂಭಿಸಿತು. ಅದನ್ನು ಮೊದಲು ಪಡೆದ ವಾಲ್ಟರ್ ಬ್ರೆನನ್ ಒಟ್ಟು ಮೂರು ಬಾರಿ ಆ ಗೌರವಕ್ಕೆ ಪಾತ್ರರಾದರು.

ನಾಗರಹಾವು

ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಆಧರಿಸಿದೆ. ಚಿತ್ರದುರ್ಗದ ಹಿನ್ನೆಲೆಯಲ್ಲಿ ನಡೆಯುವ ಈ ಕಥೆಯಲ್ಲಿ ಮುಂಗೋಪಿ ಯುವಕ ರಾಮಾಚಾರಿಯನ್ನು (ವಿಷ್ಣುವರ್ಧನ್) ಅರಿತು ಪ್ರೀತಿಸುವವರು ಅವನ ಗುರು ಚಾಮಯ್ಯ ಮೇಷ್ಟ್ರು. ಮೇಷ್ಟ್ರ ಪತ್ನಿಯಾಗಿ ಲೀಲಾವತಿ ಅಭಿನಯಿಸಿದ್ದಾರೆ.

ಅಶ್ವಥ್ ಅವರ ಅನೇಕ ಪಾತ್ರಗಳಲ್ಲಿ ಹಿರಿಯರ ಮಾತು ಕಥೆಗೆ ಪರಿಹಾರವನ್ನು ಒದಗಿಸುತ್ತದೆ. ಇಲ್ಲಿ ಮಾತ್ರ ಅದೇ ಮಾತು ದುರಂತಕ್ಕೆ ಕಾರಣವಾಗುತ್ತದೆ. ಗುರುವಿನ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವಿನ ಪ್ರೀತಿಯನ್ನು ತ್ಯಜಿಸುತ್ತಾನೆ. ಬೇರೊಬ್ಬನನ್ನು ಮದುವೆಯಾದ ಆಕೆ ಕೊನೆಗೆ ವೇಶ್ಯಾವೃತ್ತಿಯ ಪಾಲಾಗಿರುವುದು ಅವನಿಗೆ ತಿಳಿಯುತ್ತದೆ. ಮಾರ್ಗರೆಟ್‌ಳೊಂದಿಗಿನ ಅವನ ಸಂಬಂಧಕ್ಕೂ ಮೇಷ್ಟ್ರು ಅಡ್ಡಬಂದಾಗ, ಆವೇಶದ ಗಳಿಗೆಯಲ್ಲಿ ಶಿಷ್ಯನ ಕೈಯಿಂದಲೇ ಬೆಟ್ಟದಿಂದ ಬಿದ್ದು ಸಾಯುತ್ತಾರೆ. ಸಮಾಜದ ಕಟ್ಟಳೆಯನ್ನು ಮೀರಲಾರದ ಈ ಗುರುವನ್ನು ಅಶ್ವಥ್ ಖಳನನ್ನಾಗಿಯೂ ದೇವರನ್ನಾಗಿಯೂ ಮಾಡಲಿಲ್ಲ. ಅವರ ವಾತ್ಸಲ್ಯ ನಿಜವೆನಿಸುವುದರಿಂದಲೇ ಅವರ ತಪ್ಪು ಪ್ರೇಕ್ಷಕರನ್ನು ತಟ್ಟುತ್ತದೆ.

ಈ ಪಾತ್ರಕ್ಕಾಗಿ ಅಶ್ವಥ್ 1972–73ನೇ ಸಾಲಿನ ಅತ್ಯುತ್ತಮ ಪೋಷಕ ನಟ ರಾಜ್ಯ ಪ್ರಶಸ್ತಿಯನ್ನು ಪಡೆದರು. ಪುಟ್ಟಣ್ಣನವರೇ 1974ರಲ್ಲಿ ಈ ಕಥೆಯನ್ನು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ನಿರ್ದೇಶಿಸಿದಾಗ, ಗುರುವಿನ ಪಾತ್ರವನ್ನು ಖಳನಟರೆಂದು ಹೆಸರಾಗಿದ್ದ ಪ್ರಾಣ್ ನಿರ್ವಹಿಸಿದರು.

ಕೊನೆಯ ವರ್ಷಗಳು

ಮುಂದಿನ ಎರಡು ದಶಕಗಳಲ್ಲಿಯೂ ಅಶ್ವಥ್ ಹಲವು ಪೀಳಿಗೆಯ ನಾಯಕರೊಂದಿಗೆ ಅಭಿನಯಿಸಿದರು. ರಾಜೇಂದ್ರಸಿಂಗ್ ಬಾಬು ನಿರ್ದೇಶನದ ‘ಮುತ್ತಿನ ಹಾರ’ (1990) ಚಿತ್ರದಲ್ಲಿ ಮತ್ತೆ ವಿಷ್ಣುವರ್ಧನ್ ಜೊತೆಗಿದ್ದರು. ರಾಜಕುಮಾರ್ ಅವರ ಕೊನೆಯ ಚಿತ್ರವಾದ ‘ಶಬ್ದವೇದಿ’ಯಲ್ಲಿಯೂ (2000) ನಟಿಸಿದ್ದಾರೆ. ಇಳಿವಯಸ್ಸಿನಲ್ಲಿ ಮೈಸೂರಿನಲ್ಲಿ ನೆಲೆಸಿದ್ದರು. ಇವರ ಪುತ್ರ ಶಂಕರ್ ಅಶ್ವಥ್ ಕೂಡ ಚಲನಚಿತ್ರ ಹಾಗೂ ಕಿರುತೆರೆ ನಟರು.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ನಿಧನರಾದರು. ಅದಾದ 19 ದಿನಗಳ ನಂತರ, 2010ರ ಜನವರಿ 18ರಂದು, ಅಶ್ವಥ್ ಅದೇ ನಗರದಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅವರ ಹೆಸರಿನೊಂದಿಗೆ ‘ಚಾಮಯ್ಯ ಮೇಷ್ಟ್ರು’ ಎಂಬ ಹೆಸರೂ ಕನ್ನಡಿಗರ ಮಾತಿನಲ್ಲಿ ಇಂದಿಗೂ ಬಳಕೆಯಲ್ಲಿದೆ.